ಬಿಸಿಲೊತ್ತಿದ ಅಚ್ಚು

ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಅಭ್ಯಾಸ ಮಾಡಿದವರಲ್ಲಿ ಅನೇಕರಿಗೆ ಒಂದು ಹಳೆಯ ಪ್ರಯೋಗವು ನೆನಪಿರಬಹುದು. ಉರಿಯುವ ಕರ್ಪೂರದ ಹೊಗೆಗೆ ಗಾಜಿನ ಫಲಕವೊಂದನ್ನು ಹಿಡಿದು, ಅದರ ಒಂದು ಮುಖಕ್ಕೆ ಮಸಿಯನ್ನು ಕಟ್ಟಿಸುತ್ತಾರೆ. ಟ್ಯೂನಿಂಗ್ ಫೋರ್ಕ್ ಎಂದು ಕರೆಯುವ ಶ್ರುತಿಕವೆಯ ಒಂದು ತೋಳಿಗೆ ಸಣ್ಣ ಕೂದಲೆಳೆಯನ್ನು ಅಂಟಿಸಿ, ಅದರ ತುದಿಯು ಮಸಿಯನ್ನು ಮುಟ್ಟುವಂತೆ ನಿಲ್ಲಿಸುತ್ತಾರೆ. ಕವೆಯನ್ನು ಮಿಡಿದು, ಫಲಕವನ್ನು ಕಟ್ಟಿದ ದಾರವನ್ನು ಸುಟ್ಟೊಡನೆ ಗಾಜು ನೇರವಾಗಿ ಕೆಳಕ್ಕೆ ಬೀಳುತ್ತದೆ. ಕಂಪಿಸುತ್ತಿರುವ ಎಳೆಯು ಮಸಿಯಲ್ಲಿ ಅಲೆಯಾಕಾರದ ಗೆರೆಯೊಂದನ್ನು ಬರೆಯುತ್ತದೆ. ವಿದ್ಯಾರ್ಥಿಯು ಅಲೆಗಳನ್ನು ಎಣಿಸಿ, ಅಳೆದು, ಲೆಕ್ಕವನ್ನು ಮುಗಿಸಿದ ಮೇಲೆ ಗಾಜನ್ನು ತೊಳೆದಿಡುತ್ತಾನೆ. ನಾನೂ ವಿದ್ಯಾರ್ಥಿಯಾಗಿದ್ದಾಗ ಹಾಗೆಯೇ ತೊಳೆದಿಟ್ಟವನು. ಅಧ್ಯಾಪಕನಾದ ಮೇಲೆ ಹಲವು ವರ್ಷ ಇತರರಿಂದ ತೊಳೆಸಿದವನು. ನಾವು ಹೀಗೆ ತೊಳೆದುಬಿಡುತ್ತಿದ್ದುದು ಒಂದು ಅಚ್ಚಿನ ಫಲಕ ಎಂಬ ಸಂಗತಿ ನನಗೆ ಹೊಳೆದುದು ಫ್ರಾನ್ಸಿನ ಚಿತ್ರಕಾರನೊಬ್ಬನ ಕೃತಿಗಳ ಪರಿಚಯವಾದ ಮೇಲೆಯೇ. ಆತನ ಹೆಸರು ಕಮೀಯ್ ಕೊರೋ.

ಕೊರೋ (1796–1875) ಮರಗಳನ್ನೂ ಕೊಳಗಳನ್ನೂ ಮುಂಜಾವಿನ ಮಂಜನ್ನೂ ಚಿತ್ರಿಸಿ ಪ್ರಸಿದ್ಧನಾದವನು. ಆತನು ಕೈಗೊಂಡ ಪ್ರಯೋಗವನ್ನು ತಿಳಿಯಬೇಕಾದರೆ, ಆ ಕಾಲದ ಚಿತ್ರಕಾರರು ತಮ್ಮ ರೇಖಾಚಿತ್ರಗಳ ಪ್ರತಿಗಳನ್ನು ಹೇಗೆ ತೆಗೆಯುತ್ತಿದ್ದರೆಂಬುದನ್ನು ಮೊದಲು ನೋಡಬೇಕು. ಎಚಿಂಗ್ ಎಂಬ ಕ್ರಮದಲ್ಲಿ ತಾಮ್ರದ ತಗಡಿಗೆ ಮೇಣದಂಥ ಲೇಪವನ್ನು ಕೊಟ್ಟು, ಅದರ ಮೇಲೆ ಸೂಜಿಯಿಂದ ಚಿತ್ರವನ್ನು ಗೀಚುತ್ತಾರೆ. ತಗಡನ್ನು ಆಮ್ಲದಲ್ಲಿ ಇಟ್ಟಾಗ ಲೇಪವು ಹೋದ ಗೆರೆಗಳಲ್ಲಿ ಮಾತ್ರ ತಾಮ್ರವು ಸವೆದು ಗೀರುಗಳಾಗುತ್ತವೆ. ಆ ಗೀರುಗಳಿಗೆ ಶಾಯಿಯನ್ನು ತುಂಬಿ, ಒದ್ದೆ ಕಾಗದವನ್ನು ಹೊದಿಸಿ, ಉರುಳೆಯ ಯಂತ್ರದಲ್ಲಿ ಬಲವಾಗಿ ಒತ್ತಿದರೆ ಚಿತ್ರವು ಮೂಡುತ್ತದೆ. ಗೆರೆಯನ್ನು ಎಳೆಯುವುದು ಚಿತ್ರಕಾರನ ಕೈಯಾದರೂ, ಅದನ್ನು ಆಳವಾಗಿಸುವುದು ಆಮ್ಲ; ಕಾಗದಕ್ಕೆ ಇಳಿಸುವುದು ಒತ್ತಡ. ಆಮ್ಲದ ಅಳತೆ ತಪ್ಪಿದರೆ ಚಿತ್ರವು ಕೆಡುತ್ತದೆ. ಪ್ರತಿಯೊಂದು ಒತ್ತಿಗೂ ತಾಮ್ರವು ಅಷ್ಟಿಷ್ಟು ಸವೆಯುವುದರಿಂದ ಕಡೆಯ ಪ್ರತಿಗಳು ಮೊದಲಿನವುಗಳಂತೆ ಇರುವುದಿಲ್ಲ.

1839ರಲ್ಲಿ ಛಾಯಾಗ್ರಹಣದ ಸುದ್ದಿಯು ಲೋಕಕ್ಕೆ ಪ್ರಕಟವಾಯಿತು. ಇಂಗ್ಲೆಂಡಿನ ಟಾಲ್ಬಟ್ ಎಂಬಾತನು ಉಪಯೋಗಿಸಿದ ಕಾಗದವನ್ನು ಸಿದ್ಧಪಡಿಸುವ ಕ್ರಮ ಸರಳವಾದುದು. ಕಾಗದವನ್ನು ಅಡಿಗೆ ಉಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿ, ಅದಕ್ಕೆ ಬೆಳ್ಳಿಯ ನೈಟ್ರೇಟಿನ ದ್ರಾವಣವನ್ನು ಬಳಿದರೆ, ಎಳೆಗಳ ನಡುವೆ ಬೆಳ್ಳಿಯ ಕ್ಲೋರೈಡು ಉಂಟಾಗುತ್ತದೆ. ಈ ಲವಣದ ಮೇಲೆ ಬಿಸಿಲು ಬಿದ್ದಾಗ, ಅದರಲ್ಲಿಯೂ ಮುಖ್ಯವಾಗಿ ನೇರಿಳೆ ಮತ್ತು ಅತಿನೇರಿಳೆ ಕಿರಣಗಳು ಬಿದ್ದಾಗ, ಬೆಳ್ಳಿಯು ಅತಿ ಸೂಕ್ಷ್ಮ ಲೋಹಕಣಗಳಾಗಿ ಬೇರ್ಪಟ್ಟು ಕಾಗದವು ಕಪ್ಪಾಗುತ್ತದೆ. ಬೆಳಕು ತಾಗದೆ ಉಳಿದ ಲವಣವನ್ನು ಹೈಪೋ ದ್ರಾವಣದಲ್ಲಿ ಕರಗಿಸಿ ತೆಗೆದರೆ ಚಿತ್ರವು ಸ್ಥಿರವಾಗುತ್ತದೆ.

ಇಲ್ಲಿ ವಾಚಕರು ಒಂದು ಅಂಶವನ್ನು ಗಮನಿಸಬೇಕು. ಛಾಯಾಗ್ರಹಣವೆಂದೊಡನೆ ನಾವು ಕ್ಯಾಮೆರಾವನ್ನು ನೆನೆಯುತ್ತೇವೆ. ಆದರೆ ಅದರಲ್ಲಿ ಎರಡು ಬೇರೆ ಬೇರೆ ಕಾರ್ಯಗಳು ಅಡಗಿವೆ: ಮಸೂರವು ಹೊರಗಿನ ವಸ್ತುವಿನ ಬಿಂಬವನ್ನು ರಚಿಸುವುದು ಒಂದು, ಬೆಳಕಿಗೆ ಮಣಿಯುವ ಲೇಪವು ಆ ಬಿಂಬವನ್ನು ಹಿಡಿದಿಡುವುದು ಇನ್ನೊಂದು. ಮೊದಲನೆಯ ಕಾರ್ಯವನ್ನು ಮಸೂರಕ್ಕೆ ಬದಲಾಗಿ ಮನುಷ್ಯನ ಕೈಯೇ ಮಾಡಿದರೆ ಏನಾದೀತು? ಗಾಜಿಗೆ ಬೆಳಕು ತೂರದ ಲೇಪವನ್ನು ಕೊಟ್ಟು, ಅದರಲ್ಲಿ ಚಿತ್ರವನ್ನು ಗೀಚಿ, ಅಡಿಯಲ್ಲಿ ಬೆಳ್ಳಿಯ ಕಾಗದವನ್ನಿಟ್ಟು ಬಿಸಿಲಿಗೆ ಹಿಡಿದರೆ, ಗೀಚಿದ ಗೆರೆಗಳ ಮೂಲಕ ಬೆಳಕು ಇಳಿದು ಕಾಗದದ ಮೇಲೆ ಕಪ್ಪು ಗೆರೆಗಳು ಮೂಡಬೇಕಷ್ಟೆ. ಇಲ್ಲಿ ಆಮ್ಲವೂ ಬೇಡ, ಒತ್ತುವ ಯಂತ್ರವೂ ಬೇಡ. ಬಿಸಿಲೇ ಶಾಯಿ, ಬಿಸಿಲೇ ಯಂತ್ರ. ಈ ಕ್ರಮಕ್ಕೆ ಫ್ರೆಂಚರು ‘ಕ್ಲಿಶೆ ವೆರ್’ ಎಂದು ಹೆಸರಿಟ್ಟರು. ಗಾಜಿನ ಅಚ್ಚುಫಲಕ ಎಂದು ಅದರ ಭಾವ.

ಈ ಭಾವನೆಯು ಮೊದಲು ಹುಟ್ಟಿದುದು ಕೊರೋವಿಗಲ್ಲ. 1834ರ ಶರತ್ಕಾಲದಲ್ಲಿ ಜಿನೀವಾದಲ್ಲಿದ್ದ ಟಾಲ್ಬಟ್ಟನು ಮಸಿಗಟ್ಟಿದ ವಾರ್ನಿಷಿನ ಗಾಜಿನ ಮೇಲೆ ಚಿತ್ರಗಳನ್ನು ಗೀಚಿಸಿ ಪ್ರತಿಗಳನ್ನು ತೆಗೆದಿದ್ದನು. 1839ರಲ್ಲಿ ಹ್ಯಾವೆಲ್ ಮತ್ತು ವಿಲ್‌ಮೋರ್ ಎಂಬ ಕಲಾವಿದರು ಇದೇ ಬಗೆಯ ಅಚ್ಚುಗಳನ್ನು ಲಂಡನ್ನಿನಲ್ಲಿ ಪ್ರದರ್ಶಿಸಿದಾಗ, ಯಾರು ಮೊದಲಿಗರೆಂಬ ವಿವಾದವೂ ನಡೆಯಿತು. ಆದರೆ ಇದನ್ನು ಕೇವಲ ಕೌತುಕವೆಂದು ಬಿಡದೆ, ಇಪ್ಪತ್ತು ವರ್ಷಗಳ ಕಾಲ ಕಲೆಯಾಗಿ ಬೆಳೆಸಿದ ಕೀರ್ತಿ ಕೊರೋವಿಗೇ ಸಲ್ಲಬೇಕು.

ಉತ್ತರ ಫ್ರಾನ್ಸಿನ ಅರಾಸ್ ಪಟ್ಟಣದಲ್ಲಿ ಕೊರೋವಿಗೆ ದ್ಯುತಿಯೊ ಎಂಬ ಚಿತ್ರಕಾರ ಮಿತ್ರನಿದ್ದನು. ಅದೇ ಊರಿನಲ್ಲಿ ಕ್ಯುವೆಲಿಯೆ ಎಂಬ ಹವ್ಯಾಸಿ ಛಾಯಾಗ್ರಾಹಕನೂ ಗ್ರಾಂಗಿಯೋಮ್ ಎಂಬ ಚಿತ್ರಕಲೆಯ ಉಪಾಧ್ಯಾಯನೂ ಗಾಜಿನ ಫಲಕಗಳನ್ನು ಕುರಿತು ಪ್ರಯೋಗಗಳನ್ನು ನಡೆಸುತ್ತಿದ್ದರು. 1853ರಲ್ಲಿ ಅವರು ಸಿದ್ಧಪಡಿಸಿದ ಫಲಕವೊಂದನ್ನು ಕೊರೋವಿನ ಕೈಗಿತ್ತರು. ಆಗ ಆತನಿಗೆ ಐವತ್ತಾರು ಐವತ್ತೇಳರ ಪ್ರಾಯ. ಅಂದಿನಿಂದ ಸಾಯುವುದಕ್ಕೆ ಸ್ವಲ್ಪ ಮೊದಲಿನವರೆಗೆ ಆತನು ಸುಮಾರು 65 ಗಾಜುಗಳ ಮೇಲೆ ಚಿತ್ರಗಳನ್ನು ರಚಿಸಿದನು. ರಾಸಾಯನಿಕ ಕೆಲಸವೆಲ್ಲವೂ ಗೆಳೆಯರದು; ಗೆರೆ ಮಾತ್ರ ಆತನದು.

ಗೀಚುವ ಚಿತ್ರಕಾರನಿಗೆ ಒಂದು ತೊಂದರೆಯಿದೆ. ಕಪ್ಪು ಲೇಪದಲ್ಲಿ ಬಿಳಿ ಗೆರೆಯನ್ನು ಎಳೆಯುತ್ತಿರುವಾಗ, ಕಾಗದದ ಮೇಲೆ ಅದು ಕಪ್ಪಾಗಿ ಹೇಗೆ ಕಂಡೀತೆಂಬುದನ್ನು ಊಹಿಸುವುದು ಕಷ್ಟ. ಅರಾಸಿನ ಮಿತ್ರರು ಇದಕ್ಕೆ ಜಾಣತನದ ಉಪಾಯವನ್ನು ಕಂಡುಕೊಂಡಿದ್ದರು. ಗಾಜಿಗೆ ಮುದ್ರಣದ ಶಾಯಿಯನ್ನು ತೆಳ್ಳಗೆ ಹಚ್ಚಿ, ಅದರ ಮೇಲೆ ಸೀಸದ ಬಿಳಿ ಪುಡಿಯನ್ನು ಉದುರಿಸಿ, ಫಲಕವನ್ನು ಕಪ್ಪು ಬಟ್ಟೆಯ ಮೇಲೆ ಇಡುತ್ತಿದ್ದರು. ಈಗ ಸೂಜಿಯು ಎಳೆದ ಗೆರೆಯಲ್ಲಿ ಅಡಿಯ ಬಟ್ಟೆಯು ಕಂಡು, ಬಿಳಿಯ ಮೇಲೆ ಕಪ್ಪು ಗೆರೆಯೇ ಕಾಣುತ್ತದೆ. ಕಾಗದದ ಮೇಲೆ ಬರೆದಂತೆಯೇ ಬರೆಯಬಹುದು. ಎಚಿಂಗ್ ಕಲೆಗೆ ಬೇಕಾದ ಬಹುಕಾಲದ ಅಭ್ಯಾಸವಿಲ್ಲದೆ ಚಿತ್ರಕಾರನ ಕೈಯ ಸಹಜವಾದ ಓಟವು ಹಾಗೆಯೇ ಉಳಿಯಿತು. ಕೊರೋವಿನ ಮರಗಳಲ್ಲಿ ಎಲೆಗಳೆಂಬುವು ಒಂದೊಂದಾಗಿ ಇರುವುದಿಲ್ಲ. ಗಾಳಿಗೆ ಸಿಕ್ಕಿದ ನೂಲಿನ ಸಿಕ್ಕಿನಂತೆ ಸುತ್ತಿ ಸುಳಿಯುವ ಗೆರೆಗಳೇ ಎಲೆಯ ಗೊಂಚಲುಗಳಾಗಿ ತೋರುತ್ತವೆ.

ಇನ್ನೊಂದು ಕ್ರಮವೂ ಉಂಟು. ಬರಿಯ ಗಾಜಿನ ಮೇಲೆ ಎಣ್ಣೆಬಣ್ಣವನ್ನು ಕುಂಚದಿಂದ ದಪ್ಪವಾಗಿಯೂ ತೆಳುವಾಗಿಯೂ ಹಚ್ಚುವುದು. ಬಣ್ಣದ ಒಂದು ಪದರವು ಬೆಳಕಿನ ಅರ್ಧವನ್ನು ಮಾತ್ರ ಬಿಡುವುದಾದರೆ, ಅಂಥ ಎರಡು ಪದರಗಳು ಕಾಲು ಭಾಗವನ್ನೂ ಮೂರು ಪದರಗಳು ಎಂಟನೆಯ ಒಂದು ಭಾಗವನ್ನೂ ಬಿಡುತ್ತವೆ. ದಪ್ಪವು ಕೂಡುತ್ತ ಹೋದಂತೆ ಬೆಳಕು ಭಾಗಿಸಲ್ಪಡುತ್ತ ಹೋಗುತ್ತದೆ. ಆದುದರಿಂದ ಕುಂಚದ ಅಲ್ಪ ವ್ಯತ್ಯಾಸವೂ ಕಾಗದದ ಮೇಲೆ ದೊಡ್ಡ ವ್ಯತ್ಯಾಸವಾಗಿ ತೋರುವುದು. ಇಲ್ಲಿ ಹೆಚ್ಚು ಬಳಿದ ಕಡೆ ಚಿತ್ರವು ಬೆಳ್ಳಗೂ ಬಳಿಯದ ಕಡೆ ಕಪ್ಪಗೂ ಆಗುವುದರಿಂದ, ಚಿತ್ರಕಾರನು ಎಲ್ಲವನ್ನೂ ತಲೆಕೆಳಗಾಗಿ ಯೋಚಿಸಬೇಕಾಗುತ್ತದೆ.

ಭೌತಶಾಸ್ತ್ರದ ದೃಷ್ಟಿಯಿಂದ ಎಲ್ಲಕ್ಕಿಂತ ಸ್ವಾರಸ್ಯವಾದ ವಿಷಯವು ಗಾಜಿನ ದಪ್ಪಕ್ಕೆ ಸಂಬಂಧಿಸಿದುದು. ಗೀಚಿದ ಮುಖವು ಕಾಗದಕ್ಕೆ ತಾಗುವಂತೆ ಇಟ್ಟರೆ ಗೆರೆಗಳು ಅತ್ಯಂತ ಸ್ಫುಟವಾಗಿ ಮೂಡುತ್ತವೆ. ಆದರೆ ಕನ್ನಡಿಯಲ್ಲಿ ಕಂಡಂತೆ ಎಡವು ಬಲವಾಗಿ, ಚಿತ್ರಕಾರನ ರುಜುವೂ ತಿರುಗಾಮುರುಗಾ ಆಗುತ್ತದೆ. ಫಲಕವನ್ನು ಮಗುಚಿ ಗೀಚಿದ ಮುಖವನ್ನು ಮೇಲಕ್ಕೆ ಇಟ್ಟರೆ ಚಿತ್ರವು ನೇರವಾಗುವುದೇನೋ ನಿಜ. ಆಗ ಗೆರೆಗೂ ಕಾಗದಕ್ಕೂ ನಡುವೆ ಗಾಜಿನ ದಪ್ಪವೇ ಅಂತರವಾಗಿ ನಿಲ್ಲುತ್ತದೆ. ಸೂರ್ಯನು ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿಯಷ್ಟು ಅಗಲವಾಗಿ ಕಾಣುತ್ತಾನೆ. ಆತನ ಎರಡು ಅಂಚುಗಳಿಂದ ಬರುವ ಕಿರಣಗಳು 2 ಮಿಲಿಮೀಟರು ದಪ್ಪದ ಗಾಜಿನಲ್ಲಿ ವಕ್ರೀಭವಿಸಿ ಇಳಿಯುವಾಗ ಗೆರೆಯ ಅಂಚನ್ನು ಮಿಲಿಮೀಟರಿನ 80ನೆಯ ಒಂದು ಭಾಗದಷ್ಟು ಮಾತ್ರ ಮಸುಕುಗೊಳಿಸುತ್ತವೆ. ಚೌಕಟ್ಟನ್ನು ಹತ್ತು ನಿಮಿಷ ಅಲುಗಿಸದೆ ಇಟ್ಟರೆ ಸೂರ್ಯನು ತನ್ನ ಅಗಲದ ಐದರಷ್ಟು ದೂರ ಸರಿಯುವುದರಿಂದ ಈ ಮಸುಕು ಸುಮಾರು 15ನೆಯ ಒಂದು ಭಾಗಕ್ಕೆ ಏರೀತು. ಅದೂ ಕಣ್ಣಿಗೆ ಸುಲಭವಾಗಿ ತೋರದು. ನೆರಳಿನಲ್ಲಿಟ್ಟಾಗ ಸ್ಥಿತಿಯೇ ಬೇರೆ. ಆಗ ಬೆಳಕು ಆಕಾಶದ ಎಲ್ಲ ಕಡೆಯಿಂದಲೂ ಬರುತ್ತದೆ. ಗಾಜಿನೊಳಗೆ ಲಂಬದಿಂದ 42 ಡಿಗ್ರಿಯವರೆಗೂ ಓರೆಯಾದ ಕಿರಣಗಳು ಹರಿಯುತ್ತವೆ. ಗೆರೆಯು ಎರಡು ಪಕ್ಕಕ್ಕೂ ಸುಮಾರು 2 ಮಿಲಿಮೀಟರಿನವರೆಗೆ ಮಂಜಿನಂತೆ ಹರಡಿಕೊಳ್ಳುತ್ತದೆ. ಸ್ಫುಟತೆಯನ್ನೇ ಗುಣವೆಂದು ಎಣಿಸುವ ನಾವು ಇದನ್ನು ದೋಷವೆನ್ನಬಹುದು. ಮಂಜನ್ನು ಪ್ರೀತಿಸಿದ ಕೊರೋವಿಗೆ ಇದೇ ಇಷ್ಟವಾಯಿತು. ಆತನ ಒಂದೇ ಫಲಕದಿಂದ ಎರಡು ರೀತಿಯಲ್ಲಿಯೂ ತೆಗೆದ ಪ್ರತಿಗಳು ಇಂದಿಗೂ ಉಳಿದಿವೆ.

ಇದನ್ನು ಓದಿದ ಮೇಲೆ ಸುಮ್ಮನಿರಲು ನನಗೆ ಸಾಧ್ಯವಾಗಲಿಲ್ಲ. ಪ್ರಯೋಗ ಮುಗಿದಿದ್ದ ಮಸಿಯ ಗಾಜೊಂದನ್ನು ತೊಳೆಯದೆ ಉಳಿಸಿಕೊಂಡು, ಶ್ರುತಿಕವೆಯು ಬರೆದಿದ್ದ ಅಲೆಯ ಪಕ್ಕದಲ್ಲಿ ಗುಂಡುಸೂಜಿಯಿಂದ ಬೇವಿನ ಮರವೊಂದನ್ನು ಗೀಚಿದೆನು. ಬೆಳ್ಳಿಯ ಲವಣವು ದುಬಾರಿಯಾದುದರಿಂದ, ಹರ್ಷೆಲನು 1842ರಲ್ಲಿ ಕಂಡುಹಿಡಿದ ನೀಲಿ ಅಚ್ಚಿನ ಕ್ರಮವನ್ನು ಅನುಸರಿಸಿದೆನು. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡುಗಳ ದ್ರಾವಣಗಳನ್ನು ಕೂಡಿಸಿ ಮಂದ ಬೆಳಕಿನಲ್ಲಿ ಕಾಗದಕ್ಕೆ ಬಳಿದು ಒಣಗಿಸಿದರಾಯಿತು. ಬಿಸಿಲು ತಾಗಿದ ಕಡೆ ಕಬ್ಬಿಣದ ಲವಣವು ಅಪಕರ್ಷಣ ಹೊಂದಿ ಪ್ರಷ್ಯನ್ ನೀಲಿಯಾಗುತ್ತದೆ. ಉಳಿದುದು ನೀರಿನಲ್ಲಿ ತೊಳೆದುಹೋಗುತ್ತದೆ.

ಮೊದಲನೆಯ ಸಾರಿ ನಾನು ಅವಿವೇಕಿಯಾದೆನು. ಮಸಿಯ ಮುಖವನ್ನೇ ಕಾಗದಕ್ಕೆ ಒತ್ತಿದೆನಾಗಿ, ಬೇವಿನ ಮರದ ಅರ್ಧವು ಕಾಗದಕ್ಕೆ ಮೆತ್ತಿಕೊಂಡು ಗಾಜಿನಿಂದ ಮಾಯವಾಯಿತು. ಎರಡನೆಯ ಗಾಜನ್ನು ಅರಗು ಕರಗಿಸಿದ ಸ್ಪಿರಿಟಿನಲ್ಲಿ ಒಮ್ಮೆ ಅದ್ದಿ ತೆಗೆದು, ಮಸಿಯು ಕದಲದಂತೆ ಮಾಡಿಕೊಂಡೆನು. ಮೂರು ಪ್ರತಿಗಳನ್ನು ತೆಗೆದೆನು. ಗೀಚಿದ ಮುಖವು ಕಾಗದಕ್ಕೆ ತಾಗಿದ್ದ ಪ್ರತಿಯಲ್ಲಿ ಪ್ರತಿಯೊಂದು ಅಲೆಯೂ ಬೇರೆ ಬೇರೆಯಾಗಿ ಎಣಿಸುವಂತೆ ಬಂದಿತು. ಫಲಕವನ್ನು ಮಗುಚಿ ಬಿಸಿಲಿನಲ್ಲಿಟ್ಟಾಗ ಗೆರೆಗಳು ಸ್ಪಷ್ಟವಾಗಿಯೇ ಇದ್ದರೂ, ಸುತ್ತಣ ಆಕಾಶದ ಬೆಳಕೂ ಬಿದ್ದುದರಿಂದ ಅವಕ್ಕೆ ತೆಳುವಾದ ನೀಲಿ ಸೆರಗು ಕಟ್ಟಿತ್ತು. ಜಗಲಿಯ ನೆರಳಿನಲ್ಲಿ ಮುಕ್ಕಾಲು ಗಂಟೆ ಇಟ್ಟ ಮೂರನೆಯ ಪ್ರತಿಯಲ್ಲಿ, ಗಾಜು ನಿಧಾನವಾಗಿ ಬೀಳುತ್ತಿದ್ದಾಗ ಬರೆದ ಒತ್ತೊತ್ತಾದ ಅಲೆಗಳು ಒಂದೇ ನೀಲಿ ಪಟ್ಟಿಯಾಗಿ ಕಲಸಿಹೋಗಿ, ವೇಗವು ಹೆಚ್ಚಿದ ಮೇಲಿನ ಅಗಲವಾದ ಅಲೆಗಳು ಮಾತ್ರ ಮಸಕಾಗಿ ಉಳಿದಿದ್ದವು. ಅಳತೆಗೆ ಅದು ಕೆಲಸಕ್ಕೆ ಬಾರದ ಪ್ರತಿ. ಆದರೆ ಅದೇ ಕಾಗದದಲ್ಲಿ ನನ್ನ ಬಡ ಬೇವಿನ ಮರವು, ಬೆಳಗಿನ ಜಾವದಲ್ಲಿ ದೂರದಿಂದ ಕಂಡ ಮರದಂತೆ, ಮೂರರಲ್ಲಿಯೂ ಚೆಲುವಾಗಿ ತೋರಿತು.

ಕೊರೋವಿನ ತರುವಾಯ ಇತರರೂ ಗಾಜನ್ನು ಹಿಡಿದರು. ದೆಲಾಕ್ರುವಾ 1854ರಲ್ಲಿ ಹುಲಿಯೊಂದನ್ನು ಗೀಚಿದನು. ದೋಬಿನ್ಯಿ, ಮಿಯೆ ಮತ್ತು ಚಿತ್ರಕಾರ ತಿಯೊದೋರ್ ರೂಸೋ 1862ರ ಹೊತ್ತಿಗೆ ಕೆಲವು ಫಲಕಗಳನ್ನು ಮಾಡಿದರು. ಆದರೂ ಈ ಕಲೆಯು ಹರಡಲಿಲ್ಲ. ಎಚಿಂಗ್ ಅಚ್ಚುಗಳನ್ನು ಕೊಳ್ಳುವವರಿಗೆ ಇದು ಛಾಯಾಚಿತ್ರದಂತೆ ಕಂಡಿತು. ಛಾಯಾಗ್ರಾಹಕರಿಗೆ ಇದು ಕೈಬರಹ. ಎರಡು ಮನೆಗಳ ನಡುವಣ ಓಣಿಯಲ್ಲಿ ನಿಂತ ನೆಂಟನಂತೆ ಇದನ್ನು ಯಾರೂ ಒಳಕ್ಕೆ ಕರೆಯಲಿಲ್ಲ. ಆದರೆ ತಾಮ್ರಕ್ಕೆ ಇಲ್ಲದ ಒಂದು ಗುಣ ಗಾಜಿಗೆ ಇದ್ದಿತು. ಬೆಳಕು ಹಾಯ್ದು ಹೋದುದರಿಂದ ಗೆರೆಯು ಸವೆಯುವುದಿಲ್ಲ. ಗಾಜು ಒಡೆಯದಿದ್ದರೆ ಸಾಕು. 1921ರಲ್ಲಿ ಲ ಗಾರೆಕ್ ಎಂಬ ಪ್ರಕಾಶಕನು ಈ ಐವರ ನಲವತ್ತು ಫಲಕಗಳಿಂದ ಹೊಸ ಪ್ರತಿಗಳನ್ನು ತೆಗೆಸಿ ಪ್ಯಾರಿಸಿನಲ್ಲಿ ಪ್ರಕಟಿಸಿದನು. ಕೊರೋ ತೀರಿಕೊಂಡು ಆಗ ನಲವತ್ತಾರು ವರ್ಷಗಳಾಗಿದ್ದವು.

ಮನೆಯಿಲ್ಲದ ಈ ನೆಂಟನ ವಂಶವು ಇಂದು ಅನಿರೀಕ್ಷಿತವಾದ ಸ್ಥಳದಲ್ಲಿ ಬೆಳೆದಿದೆ. ನಮ್ಮ ಕೈಯಲ್ಲಿರುವ ಗಣಕ, ದೂರವಾಣಿಗಳ ಒಳಗಿನ ಸಿಲಿಕಾನ್ ಚಿಪ್ಪುಗಳು ತಯಾರಾಗುವುದೂ ಇದೇ ತತ್ತ್ವದಿಂದ: ಫಲಕದ ಮೇಲೆ ಬೆಳಕನ್ನು ತಡೆಯುವ ನಕ್ಷೆ, ಅದರಾಚೆಗೆ ಬೆಳಕಿಗೆ ಮಣಿಯುವ ಲೇಪ. ಆ ಉದ್ಯಮದ ಆರಂಭದ ದಿನಗಳಲ್ಲಿ ನಕ್ಷೆಗಳನ್ನು ದೊಡ್ಡದಾಗಿ ಕೈಯಿಂದಲೇ ಕತ್ತರಿಸಿ, ಬಳಿಕ ಕುಗ್ಗಿಸಿಕೊಳ್ಳುತ್ತಿದ್ದರು. ಕೊರೋ ಬಯಸಿ ಪಡೆದ ಮಸುಕನ್ನು ನಿವಾರಿಸುವುದಕ್ಕಾಗಿ ಅಲ್ಲಿಯ ವಿಜ್ಞಾನಿಗಳು ಇಂದಿಗೂ ಶ್ರಮಿಸುತ್ತಿದ್ದಾರೆ. ನಿಯಮವು ಒಂದೇ, ಒಬ್ಬರಿಗೆ ಅದು ಶತ್ರು, ಇನ್ನೊಬ್ಬರಿಗೆ ಮಿತ್ರ.

ನಮ್ಮ ಪ್ರಯೋಗಶಾಲೆಯಲ್ಲಿ ಈಗ ಮಸಿಯ ಗಾಜನ್ನು ತೊಳೆಯುವ ಮೊದಲು ಒಂದು ಪ್ರತಿಯನ್ನು ತೆಗೆದುಕೊಳ್ಳಲು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಅಲೆಗಳನ್ನು ಎಣಿಸಿಯಾದ ಮೇಲೆ, ಉಳಿದ ಜಾಗದಲ್ಲಿ ಬೇಕಾದುದನ್ನು ಗೀಚಲು ಅವರಿಗೆ ಅನುಮತಿಯುಂಟು.