ಫಲಿಸಿದ ಪ್ರಾರ್ಥನೆ ಮತ್ತು ದೇವರ ಅಸ್ತಿತ್ವದ ವಾದ

ಫಲಿಸಿದ ಪ್ರಾರ್ಥನೆಯ ವಾದ ಎಂಬುದು ದೇವರ ಅಸ್ತಿತ್ವವನ್ನು ಸಮರ್ಥಿಸಲು ಮುಂದಿಡುವ ಅನುಭವಮೂಲದ ವಾದಗಳಲ್ಲಿ ಒಂದು. ಒಬ್ಬ ವ್ಯಕ್ತಿ ನಿರ್ದಿಷ್ಟವಾದ ಒಂದನ್ನು ಬೇಡಿ ಪ್ರಾರ್ಥಿಸಿದನು, ಬೇಡಿದ್ದು ಕೈಗೂಡಿತು, ಆದುದರಿಂದ ಆ ಬೇಡಿಕೆಯನ್ನು ಕೇಳಿ ಈಡೇರಿಸಿದ ಚೇತನವೊಂದು ಇರಲೇಬೇಕು ಎಂಬುದು ಇದರ ಸಾರ. ಕನ್ನಡ ನಾಡಿನಲ್ಲಿ ಈ ವಾದವು ತತ್ತ್ವಶಾಸ್ತ್ರದ ಗ್ರಂಥಗಳಿಗಿಂತ ಹೆಚ್ಚಾಗಿ ಹರಕೆಯ ಆಚರಣೆಯಲ್ಲಿ ಜೀವಂತವಾಗಿದೆ. ಒಂದಕ್ಕೊಂದು ಸುಮಾರು 14 ಕಿ.ಮೀ. ದೂರದಲ್ಲಿರುವ ದಾವಣಗೆರೆ ಮತ್ತು ಹರಿಹರ ಪಟ್ಟಣಗಳಲ್ಲಿ ಹಾಗೂ ಅವುಗಳ ಸುತ್ತಲಿನಲ್ಲಿ ಬೇರೆ ಬೇರೆ ಮತಗಳ ಹರಕೆಯ ಕ್ಷೇತ್ರಗಳು ಒತ್ತಾಗಿ ಇರುವುದರಿಂದ, ವಾದದ ಬಲವನ್ನೂ ದೌರ್ಬಲ್ಯವನ್ನೂ ಅರಿಯಲು ಈ ಪ್ರದೇಶವು ಉತ್ತಮ ನಿದರ್ಶನವಾಗಿದೆ.

ಹರಕೆಯ ಸ್ವರೂಪ

ಪ್ರಾರ್ಥನೆ ಎಂಬ ಶಬ್ದಕ್ಕೆ ಸ್ತುತಿ, ಧ್ಯಾನ, ಕೃತಜ್ಞತೆ, ಶರಣಾಗತಿ ಮುಂತಾದ ಅರ್ಥಗಳೂ ಇವೆ. ಈ ವಾದಕ್ಕೆ ಸಂಬಂಧಿಸಿದ್ದು ಬೇಡಿಕೆಯ ಪ್ರಾರ್ಥನೆ ಮಾತ್ರ. ಭಗವದ್ಗೀತೆಯ ಏಳನೆಯ ಅಧ್ಯಾಯವು ಹೇಳುವ ನಾಲ್ಕು ಬಗೆಯ ಭಕ್ತರಲ್ಲಿ ಆರ್ತನೂ ಅರ್ಥಾರ್ಥಿಯೂ ಈ ವರ್ಗಕ್ಕೆ ಸೇರುತ್ತಾರೆ.

ಹರಕೆಯು ಬೇಡಿಕೆಯ ಪ್ರಾರ್ಥನೆಯ ಒಂದು ವಿಶೇಷ ರೂಪ. ಇದರಲ್ಲಿ ಬೇಡಿಕೆಯೊಂದಿಗೆ ಷರತ್ತೂ ಇರುತ್ತದೆ. ಮಗುವಿನ ಜ್ವರ ಇಳಿದರೆ ಮುಡಿ ಕೊಡುತ್ತೇನೆ, ಮಗಳ ಮದುವೆ ಕೂಡಿಬಂದರೆ ದೇವಿಗೆ ಉಡಿ ತುಂಬುತ್ತೇನೆ, ಕೊಳವೆಬಾವಿಯಲ್ಲಿ ನೀರು ಬಿದ್ದರೆ ದೀಡು ನಮಸ್ಕಾರ ಹಾಕುತ್ತೇನೆ ಎಂದು ಭಕ್ತನು ಮನಸ್ಸಿನಲ್ಲಿ ನಿಶ್ಚಯಿಸುತ್ತಾನೆ. ಹಳ್ಳಿಗಳಲ್ಲಿ ನಾಣ್ಯವನ್ನು ಅರಿಸಿನದ ಬಟ್ಟೆಯಲ್ಲಿ ಸುತ್ತಿ ದೇವರ ಹೆಸರಿನಲ್ಲಿ ಮುಡಿಪು ಕಟ್ಟಿಡುವ ಪದ್ಧತಿಯೂ ಇದೆ. ಇಷ್ಟಾರ್ಥ ಸಿದ್ಧಿಸಿದ ಮೇಲೆ ಕ್ಷೇತ್ರಕ್ಕೆ ಹೋಗಿ ಹೇಳಿದ್ದನ್ನು ಒಪ್ಪಿಸಲಾಗುತ್ತದೆ. ಅಂದರೆ ಬಹುಪಾಲು ಹರಕೆಗಳಲ್ಲಿ ಕಾಣಿಕೆಯು ಫಲಕ್ಕಿಂತ ಮೊದಲು ಬರುವುದಿಲ್ಲ, ಫಲ ದೊರೆತ ನಂತರವೇ ಬರುತ್ತದೆ. ಈ ಸಣ್ಣ ವಿವರಕ್ಕೆ ಮುಂದಿನ ಚರ್ಚೆಯಲ್ಲಿ ದೊಡ್ಡ ಮಹತ್ತ್ವವಿದೆ.

ದಾವಣಗೆರೆ ಮತ್ತು ಹರಿಹರದ ಕ್ಷೇತ್ರಗಳು

ದಾವಣಗೆರೆಯ ನಗರದೇವತೆ ದುಗ್ಗಮ್ಮ ಅಥವಾ ದುರ್ಗಾಂಬಿಕೆ. ಎರಡು ವರ್ಷಗಳಿಗೊಮ್ಮೆ ನಡೆಯುವ ಈಕೆಯ ಜಾತ್ರೆಯಲ್ಲಿ ಊರಿಗೆ ಊರೇ ನೆಂಟರಿಂದ ತುಂಬುತ್ತದೆ. ಜಾತ್ರೆಗೆ ಬರುವವರಲ್ಲಿ ಹರಕೆ ಒಪ್ಪಿಸುವವರ ಸಂಖ್ಯೆ ದೊಡ್ಡದು.

ತುಂಗಭದ್ರಾ ತೀರದ ಹರಿಹರದಲ್ಲಿರುವ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಅರಸ ಇಮ್ಮಡಿ ವೀರ ನರಸಿಂಹನ ಕಾಲದಲ್ಲಿ ದಂಡನಾಯಕ ಪೋಲಾಳ್ವನು ಕ್ರಿ.ಶ. 1223–24ರಲ್ಲಿ ಕಟ್ಟಿಸಿದನು. ಗರ್ಭಗುಡಿಯ ಮೂರ್ತಿಯ ಬಲಭಾಗ ಶಿವನದು, ಎಡಭಾಗ ವಿಷ್ಣುವಿನದು. ಅದೇ ಪಟ್ಟಣದಲ್ಲಿರುವ ಆರೋಗ್ಯ ಮಾತೆಯ ಚರ್ಚ್ 2019ರಲ್ಲಿ ಬೆಸಿಲಿಕಾ ಎಂಬ ಮನ್ನಣೆ ಪಡೆಯಿತು. ಸೆಪ್ಟೆಂಬರ್ 8ರ ಹಬ್ಬಕ್ಕೆ ಕ್ರೈಸ್ತರಲ್ಲದವರೂ ಬಂದು ಮೇಣದ ಬತ್ತಿ ಹಚ್ಚುತ್ತಾರೆ. ಮಾತೆಯ ಹೆಸರೇ ಇಲ್ಲಿ ಯಾವ ಬೇಡಿಕೆ ಮುಖ್ಯವೆಂಬುದನ್ನು ತಿಳಿಸುತ್ತದೆ. ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯಲ್ಲಿ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ ಇದೆ. ಗಾಳಿ ಸೋಕಿದೆ, ಗ್ರಹ ಬಡಿದಿದೆ ಎಂದು ಮನೆಯವರು ನಂಬಿದ ರೋಗಿಗಳನ್ನು ಕರೆತರುವವರಿಂದ ಅಮಾವಾಸ್ಯೆಯ ದಿನಗಳಲ್ಲಿ ಅಲ್ಲಿನ ನದೀತೀರ ತುಂಬಿರುತ್ತದೆ. ಒಂದೇ ಮನೆಯವರು ಒಂದೇ ಕಷ್ಟಕ್ಕಾಗಿ ಈ ಎಲ್ಲ ಕಡೆಗೂ ಹೋಗಿ, ಜೊತೆಗೆ ದರ್ಗಾಕ್ಕೂ ಸಕ್ಕರೆ ಓದಿಸಿ ಬರುವುದು ಈ ಭಾಗದಲ್ಲಿ ಅಪರೂಪವೇನಲ್ಲ.

ವಾದದ ರಚನೆ

ಪಾಶ್ಚಾತ್ಯ ಚಿಂತನೆಯಲ್ಲಿ ಈ ವಾದವನ್ನು ಧಾರ್ಮಿಕ ಅನುಭವದ ವಾದದ ಒಂದು ಕವಲಾಗಿ ಪರಿಗಣಿಸುತ್ತಾರೆ. ಬ್ರಿಟಿಷ್ ತತ್ತ್ವಜ್ಞಾನಿ ರಿಚರ್ಡ್ ಸ್ವಿನ್‌ಬರ್ನ್ 1979ರ ತಮ್ಮ ಗ್ರಂಥದಲ್ಲಿ ಧಾರ್ಮಿಕ ಅನುಭವಕ್ಕೆ ಎರಡು ತತ್ತ್ವಗಳ ಆಧಾರ ಒದಗಿಸಿದರು. ವಿರುದ್ಧವಾದ ಬಲವಾದ ಕಾರಣವಿಲ್ಲದಿದ್ದರೆ, ನಮಗೆ ಹೇಗೆ ತೋರುತ್ತದೆಯೋ ವಸ್ತುಸ್ಥಿತಿ ಹಾಗೆಯೇ ಇದೆಯೆಂದು ಒಪ್ಪುವುದು ಯುಕ್ತ ಎಂಬುದು ಮೊದಲನೆಯದು. ಇತರರು ತಮ್ಮ ಅನುಭವವೆಂದು ಹೇಳುವುದನ್ನು ಕಾರಣವಿಲ್ಲದೆ ತಳ್ಳಿಹಾಕಬಾರದು ಎಂಬುದು ಎರಡನೆಯದು. ದಿನನಿತ್ಯದ ಬದುಕು ನಡೆಯುವುದೇ ಇಂಥ ನಂಬಿಕೆಯ ಮೇಲೆ. ದಾರಿ ಕೇಳಿದಾಗ ಅಪರಿಚಿತನು ತೋರಿದ ಕಡೆ ಹೋಗುತ್ತೇವೆ. ಹಾಗಿರುವಾಗ ದೇವರ ವಿಷಯಕ್ಕೆ ಮಾತ್ರ ಬೇರೆ ಅಳತೆಗೋಲು ಏಕೆ ಎಂದು ಈ ಪಕ್ಷದವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ.

ಆದರೆ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಪ್ರಾರ್ಥಿಸುವಾಗ ದೈವದ ಸಾನ್ನಿಧ್ಯವನ್ನು ನೇರವಾಗಿ ಅನುಭವಿಸಿದೆನೆಂಬ ಮಾತು ಒಂದು ಬಗೆ. ಪ್ರಾರ್ಥಿಸಿದ ಮೇಲೆ ಕಾಯಿಲೆ ವಾಸಿಯಾಯಿತು, ಆದ್ದರಿಂದ ವಾಸಿಮಾಡಿದವನು ದೇವರು ಎಂಬುದು ಇನ್ನೊಂದು ಬಗೆ. ಎರಡನೆಯದು ಅನುಭವವಲ್ಲ, ಅನುಭವದಿಂದ ಮಾಡಿದ ಊಹೆ. ಸ್ವಿನ್‌ಬರ್ನ್ ಅವರ ತತ್ತ್ವಗಳು ಮೊದಲನೆಯದಕ್ಕೆ ಸಲ್ಲುವಷ್ಟು ಸುಲಭವಾಗಿ ಎರಡನೆಯದಕ್ಕೆ ಸಲ್ಲುವುದಿಲ್ಲ. ಅಮೆರಿಕದ ವಿಲಿಯಂ ಜೇಮ್ಸ್ 1902ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಉಪನ್ಯಾಸಗಳಲ್ಲಿ, ಅನುಭಾವದ ಸ್ಥಿತಿಯು ಅದನ್ನು ಪಡೆದವನಿಗೆ ಪ್ರಮಾಣವಾಗಬಲ್ಲುದು, ಹೊರಗಿನವರು ಅದನ್ನು ಪ್ರಶ್ನಿಸದೆ ಒಪ್ಪಬೇಕಾಗಿಲ್ಲ ಎಂಬ ನಿಲುವನ್ನು ತಾಳಿದರು.

ಈಡೇರದ ಹರಕೆಗಳ ಪ್ರಶ್ನೆ

ಈ ವಾದಕ್ಕೆ ಎದುರಾಗುವ ಅತ್ಯಂತ ಹಳೆಯ ಆಕ್ಷೇಪ ಗ್ರೀಸಿನದು. ಕ್ರಿ.ಪೂ. ಮೊದಲನೆಯ ಶತಮಾನದ ರೋಮನ್ ಲೇಖಕ ಸಿಸೆರೊ ಒಂದು ಪ್ರಸಂಗವನ್ನು ಹೇಳುತ್ತಾನೆ. ಬಿರುಗಾಳಿಯಲ್ಲಿ ಸಿಕ್ಕಿ, ಹರಕೆ ಹೊತ್ತು, ಬದುಕಿ ಬಂದವರು ದೇವಾಲಯಕ್ಕೆ ಅರ್ಪಿಸಿದ ಚಿತ್ರಫಲಕಗಳನ್ನು ಮಿತ್ರನೊಬ್ಬ ಡಯಾಗೊರಸ್ ಎಂಬ ನಾಸ್ತಿಕನಿಗೆ ತೋರಿಸಿ, ಇಷ್ಟನ್ನು ಕಂಡ ಮೇಲೂ ದೇವರಿಲ್ಲವೆನ್ನುವೆಯಾ ಎಂದು ಕೇಳಿದನು. ಹರಕೆ ಹೊತ್ತೂ ಮುಳುಗಿಹೋದವರ ಚಿತ್ರಗಳೆಲ್ಲಿವೆ ಎಂಬುದು ಡಯಾಗೊರಸನ ಉತ್ತರವಾಗಿತ್ತು.

ನಮ್ಮ ಕ್ಷೇತ್ರಗಳಲ್ಲಿ ಕಾಣುವ ಬೆಳ್ಳಿಯ ಕಣ್ಣು, ಕೈ, ಕಾಲು, ತೊಟ್ಟಿಲುಗಳಿಗೂ ಈ ಪ್ರಶ್ನೆ ಅನ್ವಯಿಸುತ್ತದೆ. ಹರಕೆಯ ಷರತ್ತಿನ ಪ್ರಕಾರ, ಬೇಡಿದ್ದು ಸಿಕ್ಕವನು ಮಾತ್ರ ಕಾಣಿಕೆಯೊಂದಿಗೆ ಮರಳುತ್ತಾನೆ. ಸಿಗದವನು ಮನೆಯಲ್ಲೇ ಉಳಿಯುತ್ತಾನೆ, ಇಲ್ಲವೇ ಬೇರೊಂದು ಕ್ಷೇತ್ರಕ್ಕೆ ಹೋಗುತ್ತಾನೆ. ಹೀಗಾಗಿ ಕ್ಷೇತ್ರದಲ್ಲಿ ನಿಂತು ನೋಡುವವನಿಗೆ ಕಾಣುವುದೆಲ್ಲ ಈಡೇರಿದ ಹರಕೆಗಳೇ. ಇದರಲ್ಲಿ ಯಾರ ಮೋಸವೂ ಇಲ್ಲ, ವ್ಯವಸ್ಥೆಯ ರೀತಿಯೇ ಹಾಗಿದೆ. ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. ನೂರಕ್ಕೆ ಹತ್ತು ಮಂದಿಗೆ ತಾನಾಗಿಯೇ ವಾಸಿಯಾಗುವ ಒಂದು ಕಾಯಿಲೆಗಾಗಿ 10,000 ಜನ ಹರಕೆ ಹೊತ್ತರೆಂದು ಭಾವಿಸೋಣ. ಹರಕೆಯಿಂದ ಯಾವ ಪರಿಣಾಮವೂ ಆಗದಿದ್ದರೂ 1,000 ಜನ ಕೃತಜ್ಞತೆಯಿಂದ ಕಣ್ಣೀರು ತುಂಬಿಕೊಂಡು ಬರುತ್ತಾರೆ. ಅವರಲ್ಲಿ ಪ್ರತಿಯೊಬ್ಬರ ಮಾತೂ ಸತ್ಯವೇ. ಉಳಿದ 9,000 ಜನರ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಕಾಲದ ಪ್ರಶ್ನೆಯೂ ಇದಕ್ಕೆ ಸೇರಿಕೊಂಡಿದೆ. ಜನ ಪ್ರಾರ್ಥಿಸುವುದು ಕಷ್ಟವು ತುತ್ತತುದಿಗೆ ಮುಟ್ಟಿದಾಗ. ಅನೇಕ ಕಷ್ಟಗಳು ಆ ತುದಿಯಿಂದ ತಾವಾಗಿಯೇ ಇಳಿಯುತ್ತವೆ. ಮಳೆಯ ಪ್ರಾರ್ಥನೆ ಇದಕ್ಕೆ ಸ್ಪಷ್ಟ ಉದಾಹರಣೆ. ದಾವಣಗೆರೆ ಜಿಲ್ಲೆಯಲ್ಲಿ ಭದ್ರಾ ನಾಲೆಯ ನೀರು ಹರಿಯುವ ಗದ್ದೆಗಳಿರುವಂತೆಯೇ, ಜಗಳೂರಿನಂಥ ಬರಪೀಡಿತ ತಾಲ್ಲೂಕೂ ಇದೆ. ಮುಂಗಾರು ತಡವಾದಾಗ ಕಪ್ಪೆಯ ಮದುವೆ, ಕತ್ತೆಯ ಮದುವೆ, ದೇವಸ್ಥಾನಗಳಲ್ಲಿ ಪರ್ಜನ್ಯ ಜಪ, ಮುಸಲ್ಮಾನರ ಇಸ್ತಿಸ್ಕಾ ನಮಾಜು ಇವೆಲ್ಲ ನಡೆಯುವುದು ಕರ್ನಾಟಕದಲ್ಲಿ ಸಾಮಾನ್ಯ. ಇವು ಫೆಬ್ರವರಿಯಲ್ಲಿ ನಡೆಯುವುದಿಲ್ಲ, ಮಳೆ ಬರಬೇಕಾದ ಕಾಲದಲ್ಲೇ ನಡೆಯುತ್ತವೆ. ಆದುದರಿಂದ ಪ್ರಾರ್ಥನೆಯ ಹಿಂದೆಯೇ ಮಳೆ ಸುರಿದರೆ, ಅದು ಪ್ರಾರ್ಥನೆಯಿಂದ ಬಂದಿತೋ ಮಾರುತದಿಂದ ಬಂದಿತೋ ಎಂದು ಬಿಡಿಸಿ ಹೇಳುವ ಉಪಾಯವಿಲ್ಲ. ಪರೀಕ್ಷೆಯ ಹರಕೆಗಳೂ ಹಾಗೆಯೇ ಎಂಬುದು ಶಾಲೆಯಲ್ಲಿ ಪಾಠ ಹೇಳಿದವರಿಗೆಲ್ಲ ಗೊತ್ತಿರುವ ಸಂಗತಿ. ಹರಕೆ ಹೊತ್ತ ಹುಡುಗನು ಓದುವುದನ್ನು ಬಿಟ್ಟಿರುವುದಿಲ್ಲ.

ಆಸ್ತಿಕರು ಇದಕ್ಕೆ ಕೊಡುವ ಉತ್ತರವನ್ನೂ ಗಮನಿಸಬೇಕು. ದೇವರು ಯಂತ್ರವಲ್ಲ, ಬೇಡಿದ್ದನ್ನೆಲ್ಲ ಕೊಡುವುದು ಅವನ ಕರುಣೆಯ ಲಕ್ಷಣವೂ ಅಲ್ಲ, ಕೊಡದಿರುವುದೂ ಒಂದು ಉತ್ತರವೇ ಎನ್ನುತ್ತಾರೆ. ಭಕ್ತಿಯ ದೃಷ್ಟಿಯಿಂದ ಇದು ಗಂಭೀರವಾದ ಮಾತು. ಆದರೆ ಪ್ರಮಾಣದ ದೃಷ್ಟಿಯಿಂದ ಇದು ವಾದವನ್ನು ಸಡಿಲಗೊಳಿಸುತ್ತದೆ. ಕೊಟ್ಟರೂ ಉತ್ತರ, ಕೊಡದಿದ್ದರೂ ಉತ್ತರ ಎಂದಾದರೆ ಫಲಿಸಿದ ಪ್ರಾರ್ಥನೆಗೆ ಸಾಕ್ಷ್ಯವೆಂಬ ವಿಶೇಷ ಸ್ಥಾನ ಉಳಿಯುವುದಿಲ್ಲ.

ಭಾರತೀಯ ದರ್ಶನಗಳಲ್ಲಿ

ಈ ಸಮಸ್ಯೆ ನಮ್ಮ ಪ್ರಾಚೀನರಿಗೆ ಚೆನ್ನಾಗಿ ತಿಳಿದಿತ್ತು. ಗೌತಮನ ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ವೇದಪ್ರಾಮಾಣ್ಯದ ವಿರುದ್ಧ ಎತ್ತಿದ ಆಕ್ಷೇಪಗಳಲ್ಲಿ ಒಂದು ಅಸತ್ಯದೋಷ. ವ್ಯಾಖ್ಯಾನಕಾರರು ಇದಕ್ಕೆ ಕೊಡುವ ಉದಾಹರಣೆ ಪುತ್ರಕಾಮೇಷ್ಟಿ: ಯಾಗ ಮಾಡಿದರೂ ಮಗ ಹುಟ್ಟಲಿಲ್ಲ, ಆದ್ದರಿಂದ ವಿಧಿವಾಕ್ಯ ಸುಳ್ಳು. ಕರ್ಮದಲ್ಲೋ ಕರ್ತೃವಿನಲ್ಲೋ ಸಾಧನದಲ್ಲೋ ಲೋಪವಿದ್ದುದರಿಂದ ಫಲ ಬರಲಿಲ್ಲ ಎಂದು ಸೂತ್ರಕಾರನು ಸಮಾಧಾನ ಹೇಳುತ್ತಾನೆ. ಮೀಮಾಂಸಕರು ಕೆಲವು ಕಾಮ್ಯಕರ್ಮಗಳ ಫಲವು ಮುಂದೆಂದೋ, ಜನ್ಮಾಂತರದಲ್ಲಾದರೂ ಬರಬಹುದೆಂದು ವಾದಿಸಿದರು. ಅವರ ಮತದಲ್ಲಿ ಫಲವನ್ನು ಕೊಡುವುದು ಕರ್ಮದಿಂದ ಹುಟ್ಟುವ ಅಪೂರ್ವವೆಂಬ ಶಕ್ತಿ. ಅದಕ್ಕೆ ಈಶ್ವರನ ಅಗತ್ಯವಿಲ್ಲ. ಬೇಡಿದ್ದು ಸಿಕ್ಕಿತೆಂದ ಮಾತ್ರಕ್ಕೆ ಕೊಡುವವನೊಬ್ಬನು ಇದ್ದಾನೆಂದು ಸಿದ್ಧವಾಗುವುದಿಲ್ಲ ಎಂಬ ಅಂಶ ಇಲ್ಲಿ ಆಸ್ತಿಕ ದರ್ಶನದೊಳಗಿನಿಂದಲೇ ಬಂದಿರುವುದು ಗಮನಾರ್ಹ.

ಈಶ್ವರನನ್ನು ಯುಕ್ತಿಯಿಂದ ಸ್ಥಾಪಿಸಲು ಹೊರಟ ಉದಯನಾಚಾರ್ಯನು ನ್ಯಾಯಕುಸುಮಾಂಜಲಿಯಲ್ಲಿ ಜಗತ್ತೆಂಬ ಕಾರ್ಯಕ್ಕೆ ಕರ್ತನು ಬೇಕು ಎಂಬುದೇ ಮೊದಲಾದ ಹೇತುಗಳನ್ನು ಕೊಡುತ್ತಾನೆ. ಆ ಹೇತುಗಳ ಪಟ್ಟಿಯಲ್ಲಿ ಒಬ್ಬ ವ್ಯಕ್ತಿಯ ಹರಕೆ ಫಲಿಸಿದ ಸಂಗತಿಗೆ ಸ್ಥಾನವಿಲ್ಲ. ಲೋಕವೆಲ್ಲ ಯಾಗಾದಿಗಳಲ್ಲಿ ತೊಡಗಿರುವುದು ವ್ಯರ್ಥವಾಗಲಾರದು ಎಂಬ ಮಾತು ಬರುತ್ತದಾದರೂ, ಅದು ಅದೃಷ್ಟವನ್ನು, ಅಂದರೆ ಪುಣ್ಯಪಾಪಗಳ ಕಾಣದ ಶಕ್ತಿಯನ್ನು ಸಾಧಿಸುವ ಸಂದರ್ಭದಲ್ಲಿ. ರಾಮಾನುಜಾಚಾರ್ಯರಂತೂ ಬ್ರಹ್ಮವನ್ನು ಶಾಸ್ತ್ರದಿಂದ ಮಾತ್ರ ತಿಳಿಯಬಹುದು, ಅನುಮಾನದಿಂದಲ್ಲ ಎಂದರು. ಫಲಾಪೇಕ್ಷೆಯ ಭಕ್ತಿಯನ್ನು ಟೀಕಿಸಿದ ವಚನಗಳ ಪರಂಪರೆ ಕನ್ನಡಿಗರಿಗೆ ಪರಿಚಿತವೇ ಆಗಿದೆ.

ನ್ಯಾಯಸೂತ್ರದ ಸಮಾಧಾನಕ್ಕೆ ಇಂದಿಗೂ ಒಂದು ಸಾಮಾಜಿಕ ಮುಖವಿದೆ. ಕರ್ತೃವಿನ ಲೋಪ ಎಂಬುದು ಆಡುಮಾತಿನಲ್ಲಿ ನಿಮ್ಮ ಭಕ್ತಿ ಸಾಲದು, ಮಡಿಯಲ್ಲಿ ಏನೋ ಕೆಟ್ಟಿದೆ, ಹಳೆಯ ಹರಕೆ ಬಾಕಿ ಇದೆ ಎಂಬ ರೂಪ ತಾಳುತ್ತದೆ. ಮಗುವನ್ನು ಕಳೆದುಕೊಂಡ ತಾಯಿಯ ಎದುರು ಈ ಮಾತನ್ನು ಆಡುವವರಿದ್ದಾರೆ. ಯಾವ ಮತದ ಶಾಸ್ತ್ರವೂ ಅಂಥ ಕ್ರೌರ್ಯವನ್ನು ಕಡ್ಡಾಯ ಮಾಡಿಲ್ಲ. ಆದರೂ ಫಲವೇ ದೇವರಿಗೆ ಸಾಕ್ಷಿ ಎಂದು ಹಿಡಿದವರಿಗೆ, ಫಲ ಬಾರದಿದ್ದಾಗ ದೋಷವನ್ನು ಭಕ್ತರ ಮೇಲೆ ಹಾಕದೆ ಬೇರೆ ದಾರಿ ಸುಲಭವಾಗಿ ತೋರುವುದಿಲ್ಲ.

ಪ್ರಯೋಗಗಳು

ಪ್ರಾರ್ಥನೆಯ ಫಲವನ್ನು ಅಂಕಿಅಂಶಗಳಿಂದ ಅಳೆಯುವ ಪ್ರಯತ್ನವನ್ನು 1872ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಮಾಡಿದನು. ಚರ್ಚುಗಳಲ್ಲಿ ದೀರ್ಘಾಯುಷ್ಯಕ್ಕಾಗಿ ನಿತ್ಯವೂ ಪ್ರಾರ್ಥನೆ ಪಡೆಯುತ್ತಿದ್ದ ರಾಜವಂಶದವರು ಇತರ ಅನುಕೂಲಸ್ಥ ವರ್ಗಗಳಿಗಿಂತ ಅಲ್ಪಾಯುಗಳಾಗಿದ್ದರೆಂದು ಅವನು ತೋರಿಸಿದನು. 1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ 393 ಹೃದ್ರೋಗಿಗಳ ಅಧ್ಯಯನವೊಂದು ಪ್ರಾರ್ಥನೆಯ ಪರವಾಗಿ ಕೆಲವು ಫಲಿತಾಂಶಗಳನ್ನು ಪ್ರಕಟಿಸಿತು. ಅದರ ವಿಧಾನದ ಬಗ್ಗೆ ಆಕ್ಷೇಪಗಳಿವೆ. ಇವುಗಳಿಗಿಂತ ದೊಡ್ಡದು 2006ರಲ್ಲಿ ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳನ್ನು ಮೂರು ಗುಂಪು ಮಾಡಲಾಗಿತ್ತು. ಪ್ರಾರ್ಥನೆ ಇದೆಯೋ ಇಲ್ಲವೋ ತಿಳಿಯದಿದ್ದವರಲ್ಲಿ, ಪ್ರಾರ್ಥನೆ ಪಡೆದವರ ಪೈಕಿ ಶೇ. 52ರಷ್ಟು ಮಂದಿಗೂ ಪಡೆಯದವರ ಪೈಕಿ ಶೇ. 51ರಷ್ಟು ಮಂದಿಗೂ ಶಸ್ತ್ರಚಿಕಿತ್ಸೆಯ ನಂತರ ತೊಡಕುಗಳು ಉಂಟಾದವು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೆಂದು ಖಚಿತವಾಗಿ ತಿಳಿದಿದ್ದವರಲ್ಲಿ ಈ ಪ್ರಮಾಣ ಶೇ. 59 ಇತ್ತು.

ಇಂಥ ಪ್ರಯೋಗಗಳಿಂದ ದೇವರಿಲ್ಲವೆಂದು ಸಿದ್ಧವಾಗುವುದಿಲ್ಲ. ಪರಿಚಯವಿಲ್ಲದವರು ಹೆಸರಿನ ಚೀಟಿ ಹಿಡಿದು ಮಾಡುವ ಪ್ರಾರ್ಥನೆಯೂ ತಾಯಿಯ ಪ್ರಾರ್ಥನೆಯೂ ಒಂದೇ ಅಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಎರಡನೆಯ ಗುಂಪಿನವರಿಗಾಗಿ ಅವರ ಮನೆಯವರು ಪ್ರಾರ್ಥಿಸಲಿಲ್ಲವೆಂದು ಯಾರೂ ಹೇಳಲಾರರು. ಫ್ರಾನ್ಸಿನ ಲೂರ್ದ್ ಕ್ಷೇತ್ರದಲ್ಲಿ ಕ್ರೈಸ್ತ ಧರ್ಮಸಭೆಯು ಅನುಸರಿಸುವ ಕ್ರಮ ಬೇರೆ. ಅಲ್ಲಿ ಗುಣವಾಯಿತೆಂದು ಹೇಳಿಕೊಂಡವರ ಹಿಂದಿನ ವೈದ್ಯಕೀಯ ದಾಖಲೆಗಳನ್ನು ವೈದ್ಯರ ಮಂಡಲಿ ಪರಿಶೀಲಿಸುತ್ತದೆ. 1858ರಿಂದ ಬಂದ 7,000ಕ್ಕೂ ಹೆಚ್ಚು ಹೇಳಿಕೆಗಳಲ್ಲಿ ಪವಾಡವೆಂದು ಮಾನ್ಯವಾದವು ಎಪ್ಪತ್ತರ ಆಸುಪಾಸಿನಲ್ಲಿವೆ. ಕರ್ನಾಟಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದ್ದರು.

ಹಲವು ದೇವರುಗಳ ಪ್ರಶ್ನೆ

ಸ್ಕಾಟ್‌ಲೆಂಡಿನ ಡೇವಿಡ್ ಹ್ಯೂಮ್ 1748ರಲ್ಲಿ ಪವಾಡಗಳ ಬಗ್ಗೆ ಬರೆಯುತ್ತ, ಪರಸ್ಪರ ವಿರುದ್ಧವಾದ ಮತಗಳೆಲ್ಲವೂ ಪವಾಡಗಳನ್ನು ಹೇಳಿಕೊಳ್ಳುವುದರಿಂದ ಅವುಗಳ ಸಾಕ್ಷ್ಯಗಳು ಒಂದನ್ನೊಂದು ರದ್ದುಗೊಳಿಸುತ್ತವೆ ಎಂದು ವಾದಿಸಿದನು. ದುಗ್ಗಮ್ಮನಿಂದಲೂ ಆರೋಗ್ಯ ಮಾತೆಯಿಂದಲೂ ಅಜ್ಜಯ್ಯನಿಂದಲೂ ಒಂದೇ ಬಗೆಯ ಫಲ ದೊರೆಯುವುದಾದರೆ, ಆ ಫಲವು ಯಾವುದೇ ಒಂದು ಮತದ ಸತ್ಯಕ್ಕೆ ಪ್ರಮಾಣವಾಗದು ಎಂಬಷ್ಟರ ಮಟ್ಟಿಗೆ ಈ ತರ್ಕ ಸರಿಯಾಗಿದೆ. ಆದರೆ ಮತಗಳು ಪರಸ್ಪರ ಸ್ಪರ್ಧಿಗಳೆಂಬ ಹ್ಯೂಮನ ಗೃಹೀತವನ್ನು ಹರಿಹರದ ಭಕ್ತನು ಒಪ್ಪಲಾರನು. ಎರಡು ದೇವರು ಒಂದೇ ಶರೀರದಲ್ಲಿ ನಿಂತಿರುವ ಗುಡಿಯ ಊರಿನಲ್ಲಿ, ಎಲ್ಲೆಡೆ ಕೇಳುವವನು ಒಬ್ಬನೇ ಎಂಬ ಉತ್ತರ ಸಿದ್ಧವಾಗಿಯೇ ಇದೆ.

ಅದೇ ಗುಡಿಯ ಸ್ಥಳಪುರಾಣದಲ್ಲಿ ಇನ್ನೊಂದು ಸಂಗತಿಯೂ ಇದೆ. ಗುಹಾಸುರನು ತಪಸ್ಸು ಮಾಡಿ, ಹರಿಯಿಂದಾಗಲಿ ಹರನಿಂದಾಗಲಿ ತನಗೆ ಸಾವು ಬಾರದಂತೆ ಬ್ರಹ್ಮನಿಂದ ವರ ಪಡೆದನು. ಆ ವರದ ಬಲದಿಂದ ಲೋಕವನ್ನು ಪೀಡಿಸಿದಾಗ ಇಬ್ಬರೂ ಒಂದಾಗಿ ಅವನನ್ನು ಸಂಹರಿಸಬೇಕಾಯಿತು. ಬೇಡಿದ್ದು ಸಿಕ್ಕಿತೆಂಬುದು ಬೇಡಿದವನ ಯೋಗ್ಯತೆಗೆ ಸಾಕ್ಷಿಯಲ್ಲ ಎಂಬುದು ಈ ಕಥೆಯಲ್ಲಿ ಅಡಗಿದೆ. ಬೇಡಿದ್ದು ಸಿಗದವರ ಯೋಗ್ಯತೆಯನ್ನು ಅಳೆಯುವವರು ಇದನ್ನು ನೆನೆಯುವುದು ಕಡಿಮೆ.

ಚಿಕಿತ್ಸೆ ಮತ್ತು ಕಾನೂನು

ವೈದ್ಯಕೀಯ ಕಾಲೇಜುಗಳೂ ದೊಡ್ಡ ಆಸ್ಪತ್ರೆಗಳೂ ಇರುವ ದಾವಣಗೆರೆಗೆ ಸುತ್ತಲಿನ ಜಿಲ್ಲೆಗಳಿಂದ ರೋಗಿಗಳು ಬರುತ್ತಾರೆ. ಅವರಲ್ಲಿ ಹೆಚ್ಚಿನವರು ಔಷಧವನ್ನೂ ಹರಕೆಯನ್ನೂ ಒಟ್ಟಿಗೆ ನಡೆಸುತ್ತಾರೆ. ಗುಣವಾದಾಗ ಫಲ ಯಾವುದರದು ಎಂದು ಬೇರ್ಪಡಿಸುವುದು ಸಾಧ್ಯವಿಲ್ಲದಿದ್ದರೂ ಇದರಿಂದ ಹಾನಿಯಿಲ್ಲ. ಹಿಂದೆ ಫಲಿಸಿದ ಹರಕೆಯ ನಂಬಿಕೆಯಿಂದ ಚಿಕಿತ್ಸೆಯನ್ನೇ ಮುಂದೂಡಿದಾಗ ಮಾತ್ರ ಈ ವಾದ ಪ್ರಾಣಕ್ಕೆ ಸಂಬಂಧಿಸಿದ ವಿಷಯವಾಗುತ್ತದೆ. ಕ್ಷಯ, ಮೂರ್ಛೆರೋಗ, ಹಾವಿನ ಕಡಿತ, ತೀವ್ರ ಮನೋರೋಗಗಳಲ್ಲಿ ಕಳೆದುಹೋದ ದಿನಗಳಿಗೆ ಬೆಲೆ ತೆರಬೇಕಾಗುತ್ತದೆ. ಕರ್ನಾಟಕ ವಿಧಾನಮಂಡಲವು 2017ರಲ್ಲಿ ಅಂಗೀಕರಿಸಿ, 2020ರ ಜನವರಿಯಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆಯು ಪೂಜೆ, ಪ್ರದಕ್ಷಿಣೆ, ಯಾತ್ರೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ನಾಯಿ, ಹಾವು, ಚೇಳು ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆ ದೊರೆಯದಂತೆ ತಡೆದು ಮಂತ್ರ ತಂತ್ರಗಳನ್ನು ನಡೆಸುವುದು ಅದರ ಪ್ರಕಾರ ಅಪರಾಧ.