ಪತ್ರಿಕೆಯಲ್ಲಿ ಅಭಿಪ್ರಾಯ ಲೇಖನ
ವರ್ತಮಾನವು ನಡೆದುದನ್ನು ತಿಳಿಸುತ್ತದೆ. ಅಭಿಪ್ರಾಯ ಲೇಖನವು ಅದರ ನ್ಯಾಯಾನ್ಯಾಯವನ್ನು ತೂಗುತ್ತದೆ. ನವಲಗುಂದ ತಾಲೂಕಿನ ಯಮನೂರನ್ನು ನೆನೆಯಿರಿ. 2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಲಿಯು, ಮಲಪ್ರಭೆಗೆ 7.56 ಟಿ.ಎಂ.ಸಿ. ನೀರು ತಿರುಗಿಸಿಕೊಳ್ಳಲು ಕರ್ನಾಟಕವು ಸಲ್ಲಿಸಿದ್ದ ಮಧ್ಯಂತರ ಬೇಡಿಕೆಯನ್ನು ತಳ್ಳಿಹಾಕಿತು. ಒಡನೆ ಎದ್ದ ಚಳವಳಿಯ ದಿನಗಳಲ್ಲಿ ಈ ಊರಿನ ಜನರ ಮೇಲೆ ಪೊಲೀಸರ ಲಾಠಿ ಬಿದ್ದಿತು. ಇಷ್ಟು ವರ್ತಮಾನ. ಆ ಬಲಪ್ರಯೋಗವು ಯುಕ್ತವೇ, ಬಾಯಾರಿದ ಸೀಮೆಗೆ ನದಿಯಲ್ಲಿ ಎಷ್ಟು ಪಾಲು ಸಲ್ಲಬೇಕು ಎಂಬ ವಿಮರ್ಶೆಯು ಅಭಿಪ್ರಾಯ ಲೇಖನದ ಕೆಲಸ. ಸಂಪಾದಕೀಯವು ಪತ್ರಿಕೆಯ ಮತ. ಹೆಸರು ಹಾಕಿದ ಲೇಖನವು ಬರೆದವರ ಮತ. ಎರಡನ್ನು ಓದುವಾಗಲೂ, ಸಂಗತಿ ಎಲ್ಲಿ ಮುಗಿಯಿತು, ಊಹೆ ಎಲ್ಲಿ ಮೊದಲಾಯಿತು ಎಂದು ನಾವು ಕೇಳಿಕೊಳ್ಳಬೇಕು. ರೊಚ್ಚಿನ ಬರಹವು ಒಪ್ಪಿದವರನ್ನೇ ಕೆರಳಿಸುತ್ತದೆ. ಕಾರಣ ಕೊಟ್ಟ ಬರಹವು ಒಪ್ಪದವರನ್ನೂ ವಿಚಾರಕ್ಕೆ ಹಚ್ಚುತ್ತದೆ. ಯಮನೂರಿನ ಸಂಕಟವು ದೂರದ ಪಟ್ಟಣಿಗರಿಗೆ ತಿಳಿಯಬೇಕಾದರೆ ಈ ಎರಡನೆಯ ಬಗೆಯ ಬರಹವೇ ಬೇಕು.