ಫಲಿಸದ ಚಿಕಿತ್ಸೆಯನ್ನು ಫಲಿಸಲಿಲ್ಲವೆಂದೇ ಬರೆದ ಜಾನೆಟ್ ವಾನ್

ಯುದ್ಧಕಾಲದ ವೈದ್ಯವಿಜ್ಞಾನ ಎಂದೊಡನೆ ನಮಗೆ ನೆನಪಾಗುವುದು ಪೆನಿಸಿಲಿನ್. ಹೊಸ ಔಷಧಿಯನ್ನೋ ಹೊಸ ಸೂಕ್ಷ್ಮಜೀವಿಯನ್ನೋ ಕಂಡುಹಿಡಿದವರೇ ಸಂಶೋಧಕರು ಎಂಬ ಎಣಿಕೆ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಇಂಗ್ಲೆಂಡಿನ ಜಾನೆಟ್ ವಾನ್ ಅವರಂಥವರನ್ನು (1899–1993) ಒಳ್ಳೆಯ ವ್ಯವಸ್ಥಾಪಕಿ ಎಂದಷ್ಟೇ ಹೊಗಳಿ ಮುಂದೆ ಹೋಗಿಬಿಡುತ್ತೇವೆ. ಇದು ಅನ್ಯಾಯ. ಯಾವ ಉಪಾಯ ನಿಜಕ್ಕೂ ಜೀವ ಉಳಿಸುತ್ತದೆ, ಯಾವುದು ಉಳಿಸುವುದಿಲ್ಲ ಎಂದು ಸಾವಿನ ನಡುವೆ ನಿಂತು ಪರೀಕ್ಷಿಸಿ ಹೇಳುವುದು ಸಂಶೋಧನೆಯೇ, ಅದರಲ್ಲೂ ಅತಿ ಕಠಿಣವಾದ ಬಗೆಯ ಸಂಶೋಧನೆ.

ವಾನ್ ರಕ್ತಹೀನತೆಯ ತಜ್ಞೆ. ಮಾರಕ ರಕ್ತಹೀನತೆಗೆ ಪಿತ್ತಜನಕಾಂಗ ಮದ್ದಾಗುತ್ತದೆ ಎಂಬ ಸುದ್ದಿ 1926ರಲ್ಲಿ ಅಮೆರಿಕದಿಂದ ಬಂದಾಗ, ಸ್ನೇಹಿತರ ಮನೆಗಳಿಂದ ಮಾಂಸ ಅರೆಯುವ ಯಂತ್ರಗಳನ್ನು ಎರವಲು ತಂದು ಅದರ ಸಾರ ತಯಾರಿಸಿ, ರೋಗಿಗೆ ಕೊಡುವ ಮುನ್ನ ತಾವೇ ಸೇವಿಸಿ ನೋಡಿದ್ದರು. 1930ರ ದಶಕದ ಕೊನೆಯಲ್ಲಿ ಯುದ್ಧದ ಮೋಡ ಕವಿದಾಗ ಅವರಿಗೆ ಕಂಡ ಸಮಸ್ಯೆ ಬೇರೆ. ಲಂಡನ್ನಿನಲ್ಲಿ ಆಗ ರಕ್ತ ಬೇಕಾದರೆ ಪಟ್ಟಿಯಲ್ಲಿರುವ ದಾನಿಯನ್ನು ಆಸ್ಪತ್ರೆಗೆ ಕರೆಸಬೇಕಿತ್ತು. ಬಾಂಬು ಬೀಳುವ ರಾತ್ರಿ ನೂರಾರು ಗಾಯಾಳುಗಳಿಗೆ ದಾನಿಗಳನ್ನು ಹುಡುಕಿ ತರುವುದೆಲ್ಲಿಂದ? ಮೊದಲೇ ಸಂಗ್ರಹಿಸಿಟ್ಟ ರಕ್ತವೇ ಉತ್ತರ ಎಂದು ಅವರು ಮನಗಂಡರು. 1939ರಲ್ಲಿ ಸಹೋದ್ಯೋಗಿಗಳನ್ನು ತಮ್ಮ ಮನೆಯಲ್ಲೇ ಸೇರಿಸಿ ಯೋಜನೆ ಬರೆದರು, ವೈದ್ಯಕೀಯ ಸಂಶೋಧನಾ ಮಂಡಳಿ ಒಪ್ಪಿತು. ಲಂಡನ್ನಿನ ಸುತ್ತ ಸ್ಲೌ, ಲೂಟನ್, ಮೇಡ್‌ಸ್ಟೋನ್, ಸಟನ್‌ಗಳಲ್ಲಿ ನಾಲ್ಕು ರಕ್ತಕೇಂದ್ರಗಳಾದವು. ವಾನ್ ನಡೆಸಿದ ಸ್ಲೌ ಕೇಂದ್ರ ಕಾರ್ಖಾನೆ ಪ್ರದೇಶದ ಒಂದು ಮನರಂಜನಾ ಕ್ಲಬ್ಬಿನಲ್ಲಿತ್ತು. ಹಾಲಿನ ಸೀಸೆಯನ್ನೇ ಮಾರ್ಪಡಿಸಿ ರಕ್ತದ ಸೀಸೆ ಮಾಡಲಾಯಿತು, ಐಸ್‌ಕ್ರೀಮ್ ವ್ಯಾನುಗಳು ಅದನ್ನು ಆಸ್ಪತ್ರೆಗಳಿಗೆ ಮುಟ್ಟಿಸಿದವು.

ಇದರಲ್ಲಿ ಹೊಸತೇನು ಎಂದು ಕೇಳುವವರಿದ್ದಾರೆ. ಸಂಗ್ರಹಿಸಿಟ್ಟ ರಕ್ತವನ್ನು ಸ್ಪೇನಿನ ಅಂತರ್ಯುದ್ಧದಲ್ಲಿ ಬಾರ್ಸಿಲೋನಾದ ವೈದ್ಯ ಡುರಾನ್ ಜೋರ್ಡಾ ಆಗಲೇ ಬಳಸಿದ್ದರು, ನಿಜ. ವಾನ್ ಅದನ್ನು ಎಂದೂ ಮುಚ್ಚಿಡಲಿಲ್ಲ. ಆದರೆ ಒಂದು ಊರಿನಲ್ಲಿ ನಡೆದದ್ದು ಇನ್ನೊಂದು ಊರಿನಲ್ಲೂ ನಡೆಯುತ್ತದೆ ಎಂದು ಮೊದಲೇ ಹೇಳಲಾಗದು. ರಕ್ತ ಎಷ್ಟು ದಿನ ಕೆಡದೆ ಉಳಿಯುತ್ತದೆ, ಯಾವ ಗಾಯಕ್ಕೆ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಸಾಕು, ಯಾವುದಕ್ಕೆ ಪೂರ್ಣ ರಕ್ತವೇ ಬೇಕು ಎಂಬುದೆಲ್ಲ ಗಾಯಾಳುವಿನ ಮಂಚದ ಪಕ್ಕದಲ್ಲೇ ತಿಳಿಯಬೇಕಾದ ಸಂಗತಿಗಳು.

ಅವರ ದೊಡ್ಡ ಪರೀಕ್ಷೆ 1945ರಲ್ಲಿ ಬಂತು. ಏಪ್ರಿಲ್ 15ರಂದು ಬಿಡುಗಡೆಯಾದ ಜರ್ಮನಿಯ ಬೆಲ್ಸನ್ ನಾಜಿ ಸೆರೆಶಿಬಿರದಲ್ಲಿ ಸುಮಾರು 60,000 ಜನ ಹಸಿವು, ಟೈಫಸ್ ಜ್ವರಗಳಿಂದ ನರಳುತ್ತಿದ್ದರು, ಸಾವಿರಾರು ಹೆಣಗಳು ಹೂಳುವವರಿಲ್ಲದೆ ಬಿದ್ದಿದ್ದವು. ಪ್ರೋಟೀನನ್ನು ಮೊದಲೇ ಒಡೆದು ತಯಾರಿಸಿದ ಹೈಡ್ರೊಲೈಸೇಟ್ ಎಂಬ ದ್ರವ ಹಸಿದು ಸಾಯುವವರನ್ನು ಬದುಕಿಸುತ್ತದೆಯೇ ಎಂದು ನೋಡಲು ಮಂಡಳಿ ವಾನ್, ರೊಸಲಿಂಡ್ ಪಿಟ್-ರಿವರ್ಸ್ ಮತ್ತು ಚಾರ್ಲ್ಸ್ ಡೆಂಟ್ ಅವರನ್ನು ಕಳಿಸಿತು. ನಂಬಿಕೆಗೆ ಆಧಾರವಿತ್ತು: 1943ರ ಬಂಗಾಳದ ಕ್ಷಾಮದಲ್ಲಿ ಇದನ್ನು ಪ್ರಯೋಗಿಸಿದ ನಮ್ಮ ದೇಶದ ವೈದ್ಯರು ಒಳ್ಳೆಯ ಫಲ ವರದಿ ಮಾಡಿದ್ದರು. ಬೆಲ್ಸನ್ನಿನಲ್ಲಿ ಅದು ಫಲಿಸಲಿಲ್ಲ. ಕುಡಿಯಲು ಕೊಟ್ಟರೆ ರುಚಿ ಸಹಿಸಲಾಗದೆ ಜನ ಬೇಡವೆಂದರು. ಸೂಜಿ ಕಂಡರೆ ಕೊಲ್ಲಲು ಬಂದರೆಂದು ಕಿರುಚಿದರು; ನಾಜಿ ಶಿಬಿರಗಳಲ್ಲಿ ಸೂಜಿಮದ್ದಿನಿಂದ ಕೊಂದದ್ದು ಅವರಿಗೆ ಗೊತ್ತಿತ್ತು. ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಕುಡಿಸಿದ ಸಾಧಾರಣ ಹಾಲೇ ಹೆಚ್ಚು ಉಪಯೋಗಕ್ಕೆ ಬಂತು.

ಅಂಥ ಜಾಗದಲ್ಲಿ ಪ್ರಯೋಗ ನಡೆಸಿದ್ದೇ ತಪ್ಪು ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆ ಜನ ಆಗಲೇ ಸಾಕಷ್ಟು ನೊಂದಿದ್ದರು, ಅವರ ಒಪ್ಪಿಗೆ ಕೇಳುವ ಸ್ಥಿತಿಯೂ ಅಲ್ಲಿರಲಿಲ್ಲ. ಆದರೆ ಪರೀಕ್ಷೆ ಮಾಡದಿದ್ದರೆ ಏನಾಗುತ್ತಿತ್ತು? ಒಳ್ಳೆಯದೆಂದು ನಂಬಿದ ದ್ರವವನ್ನು ಯುರೋಪಿನ ಹಸಿದವರಿಗೆಲ್ಲ ಹಂಚುತ್ತಿದ್ದರು. ಸರ್ಕಾರ ನೆಚ್ಚಿಕೊಂಡಿದ್ದ ಚಿಕಿತ್ಸೆ ನಿಷ್ಪ್ರಯೋಜಕವೆಂದು ವಾನ್ ಮತ್ತು ಸಂಗಡಿಗರು ಅದೇ ವರ್ಷ ಪ್ರಕಟಿಸಿದರು. ರೋಗಿಯ ಭಯವನ್ನೂ ಒಂದು ಪುರಾವೆಯಾಗಿ ಎಣಿಸಿದ ಆ ವರದಿ, ನನ್ನ ಮಟ್ಟಿಗೆ, ಅವರು ಸ್ಥಾಪಿಸಿದ ರಕ್ತಕೇಂದ್ರಕ್ಕಿಂತ ದೊಡ್ಡ ಕೊಡುಗೆ.

ಅದೇ ವರ್ಷ ಆಕ್ಸ್‌ಫರ್ಡಿನ ಸೊಮರ್ವಿಲ್ ಕಾಲೇಜಿನ ಪ್ರಾಂಶುಪಾಲರಾದ ವಾನ್, 1967ರವರೆಗೆ ಆ ಹುದ್ದೆಯಲ್ಲಿದ್ದುಕೊಂಡೇ ವಿಕಿರಣ ಎಲುಬಿಗೆ ಮಾಡುವ ಹಾನಿಯನ್ನು ಅಧ್ಯಯನ ಮಾಡಿದರು. ರಾಯಲ್ ಸೊಸೈಟಿ ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿದ್ದು 1979ರಲ್ಲಿ, ಅವರು 80ರ ಹೊಸ್ತಿಲಲ್ಲಿದ್ದಾಗ.